ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?

ಸೆಪ್ಟೆಂಬರ್ 21, ಭಾನುವಾರ. ಬರೆಯಲು ಕುಳಿತಾಗ ಮಧ್ಯಾಹ್ನ 2 ಗಂಟೆ 40 ನಿಮಿಷ. ಜಾಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನಮ್ಮ ಓದುಗರ ಸಂಘದ ಮಹಡಿ. ಈ ವರ್ಷದ ಮಹಾಸಭೆ ಮುಗಿದು ಒಂದು ಗಂಟೆಯಾಗಿದೆ. ಹಾಲ್‌ನಲ್ಲಿ ಬಂದು ಕುಳಿತವರು 39, ಫೋನಿನಿಂದ ಲೈನಿಗೆ ಬಂದವರು 33. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಒಂದು ಕುರ್ಚಿಯನ್ನು ಮಾತ್ರ ಯಾರೂ ಮಡಚಿಲ್ಲ. ಟಿ.ವಿ. ಪಕ್ಕ, ಸ್ವಿಚ್ ಬೋರ್ಡಿನ ಕೆಳಗಿರುವ ಆ ಕುರ್ಚಿಯಲ್ಲಿ ಎರಡು ವರ್ಷ ಕೂರುತ್ತಿದ್ದವರು ಕಳೆದ ಜುಲೈನಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗೆ ಗೊತ್ತಿರುವುದನ್ನು, ಗೊತ್ತಿರುವಷ್ಟೇ, ಬರೆದಿಡುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಅದು ಅವರದೇ ಪದ್ಧತಿ. ಗುಬ್ಬಿಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಆಪರೇಟರ್ ಆಗಿದ್ದರು. ಒಂದೂರಿನವರು ಇನ್ನೊಂದೂರಿನವರ ಜೊತೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ ಅದು. ಆಪರೇಟರ್ ಕೈಯಾರೆ ವೈರು ಸಿಕ್ಕಿಸಿ ಆ ಊರನ್ನು ಈ ಊರಿಗೆ ಜೋಡಿಸಬೇಕು. ಆಪರೇಟರುಗಳು ಒಬ್ಬರಿಗೊಬ್ಬರು ಹೆಸರು ಹೇಳುತ್ತಿರಲಿಲ್ಲವಂತೆ, ಊರು ಹೇಳುತ್ತಿದ್ದರಂತೆ. "ಗುಬ್ಬಿ, ಚೇಳೂರು ಕೊಡಮ್ಮ" ಎಂದು ತುಮಕೂರು ಕೇಳುತ್ತಿತ್ತು. "ತುಮಕೂರು, ಲೈನಲ್ಲಿರು" ಎಂದು ಗುಬ್ಬಿ ಹೇಳುತ್ತಿತ್ತು. ಎಕ್ಸ್‌ಚೇಂಜು ಆಟೋಮ್ಯಾಟಿಕ್ ಆಗಿ, ಅವರು ಬೇರೆ ಸೆಕ್ಷನ್ನಿಗೆ ಹೋಗಿ, ನಿವೃತ್ತಿಯೂ ಆಗಿ, ಕೈಗೆ ಸ್ಮಾರ್ಟ್ ಫೋನ್ ಬಂದ ಮೇಲೂ ಅವರು ಕರೆ ಎತ್ತಿಕೊಂಡು ಹಲೋ ಅನ್ನುತ್ತಿರಲಿಲ್ಲ. "ಗುಬ್ಬಿ" ಅನ್ನುತ್ತಿದ್ದರು. ಹಾಗಾಗಿ ಸಂಘದಲ್ಲಿ ಅವರು ಎಲ್ಲರಿಗೂ ಗುಬ್ಬಿ ಮೇಡಂ.

ನನ್ನ ಬಗ್ಗೆ ಬೇಕಾದಷ್ಟು ಹೇಳುತ್ತೇನೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎಷ್ಟು ತಯಾರಾಯಿತು, ಎಷ್ಟು ಪಾಸು, ಎಷ್ಟು ವಾಪಸು ಎಂದು ಬರೆಯುವುದೇ ಕೆಲಸ. ಆ ಚಟ ಮನೆಗೂ ಬಂದಿದೆ. ಏಳು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಬಿಟ್ಟುಹೋದ ದಿನಗಳು ಒಟ್ಟು ಹದಿನಾರು. ಸಂಘದ ಜಂಟಿ ಕಾರ್ಯದರ್ಶಿಯಾಗಿ ಮಹಾಸಭೆಯ ನಡಾವಳಿ ಬರೆಯುವುದು, ಲ್ಯಾಪ್‌ಟಾಪ್ ಇಟ್ಟು ದೂರದ ಸದಸ್ಯರಿಗೆ ಲಿಂಕ್ ಕಳಿಸಿ ಸೇರಿಸಿಕೊಳ್ಳುವುದು ನನ್ನ ಪಾಲಿಗೆ ಬಂತು. ಸಂಘಕ್ಕೆ ಮೂರು ವಾಚನಾಲಯಗಳಿವೆ: ಶೆಟ್ಟಿಹಳ್ಳಿಯಲ್ಲಿ ಒಂದು, ಗುಬ್ಬಿಯಲ್ಲಿ ಒಂದು, ಕುಣಿಗಲ್‌ನಲ್ಲಿ ಒಂದು. ಮಹಾಸಭೆಗೆ ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು. ಮತ ಮಾತ್ರ ಸದಸ್ಯರದು. ಕೊರೊನಾ ವರ್ಷದಿಂದ ಫೋನಿನಲ್ಲೇ ಸೇರಿ ಮತ ಹಾಕಲು ಅವಕಾಶ ಮಾಡಿದ್ದೇವೆ.

ಎರಡು ವರ್ಷದ ಹಿಂದಿನ ಸೆಪ್ಟೆಂಬರ್ 24. ಅವತ್ತಿನ ಪುಟವನ್ನು ನಾನು ಈಗಲೂ ಸಲೀಸಾಗಿ ಓದಲಾರೆ. ನಾಲ್ಕನೆಯ ವಿಷಯ, ಕುಣಿಗಲ್ ವಾಚನಾಲಯವನ್ನು ಮುಚ್ಚುವುದು. ಬರುವವರು ಕಡಿಮೆ ಎಂಬುದು ಕಾರಣ. ಕಡಿಮೆ ಎಂದು ತೋರಿಸುವ ಪಟ್ಟಿ ಮಾಡಿದ್ದವಳು ನಾನೇ. ಒಂದು ವರ್ಷದ ಹಾಜರಿ ಪುಸ್ತಕ ತರಿಸಿ, ಸಹಿಗಳನ್ನು ಒಂದೊಂದಾಗಿ ಎಣಿಸಿದ್ದೆ. ಶೆಟ್ಟಿಹಳ್ಳಿಯಲ್ಲಿ ದಿನಕ್ಕೆ 41, ಗುಬ್ಬಿಯಲ್ಲಿ 23, ಕುಣಿಗಲ್‌ನಲ್ಲಿ 6. ಪಟ್ಟಿ ಚೆನ್ನಾಗಿದೆ ಎಂದು ಮೂರು ಜನ ಹೇಳಿದ್ದರು. ಅದನ್ನೂ ಬರೆದುಕೊಂಡಿದ್ದೆ.

ಅವತ್ತು ಲೈನಿನಲ್ಲಿ 23 ಜನ ಇದ್ದರು. ಒಂದು ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಇನ್ನೊಂದು ಮನೆಯಿಂದ "ಹಾಲು ಉಕ್ತೈತೆ ನೋಡೇ, ಮೀಟಿಂಗ್ ಅಂತೆ ಮೀಟಿಂಗು" ಎಂಬ ಅಜ್ಜಿಯ ಮಾತು ಸ್ಪೀಕರಿನಲ್ಲಿ ಇಡೀ ಹಾಲ್‌ಗೆ ಕೇಳಿಸಿ ಎಲ್ಲರೂ ನಕ್ಕರು. ಚೇಳೂರಿನ ಸದಸ್ಯನೊಬ್ಬ ಬೈಕಿನಲ್ಲಿ ಹೋಗುತ್ತಲೇ ಸಭೆಗೆ ಬಂದಿದ್ದ. ಗಾಳಿಯ ಸದ್ದು ಬಿಟ್ಟರೆ ಅವನಿಂದ ಏನೂ ಕೇಳುತ್ತಿರಲಿಲ್ಲ. ನಮ್ಮ ಅಧ್ಯಕ್ಷರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತರಗತಿಯಲ್ಲಿ ಗದ್ದಲ ಸಹಿಸಿದವರಲ್ಲ. "ಅದೇನಮ್ಮ ಸಂತೆ, ಬಂದ್ ಮಾಡು" ಎಂದರು. ನಾನು ಎಲ್ಲರನ್ನೂ ಒಟ್ಟಿಗೆ ಮ್ಯೂಟ್ ಮಾಡುವ ಗುಂಡಿ ಒತ್ತಿದೆ. ಅವರಾಗಿ ಮತ್ತೆ ಧ್ವನಿ ತೆರೆದುಕೊಳ್ಳಬಹುದು ಎಂಬ ಕಡೆ ಒಂದು ಟಿಕ್ ಇತ್ತು. ಅದನ್ನೂ ತೆಗೆದೆ. ಹಾಲ್ ತಣ್ಣಗಾಯಿತು.

ನಾಲ್ಕನೆಯ ವಿಷಯ ಬಂದಾಗ ಲೈನಿನವರ ಧ್ವನಿಯನ್ನು ಮತ್ತೆ ತೆರೆಯುವುದು ನನಗೆ ಮರೆತುಹೋಗಿತ್ತು. "ಕುಣಿಗಲ್‌ನವರು ಏನಾದ್ರೂ ಹೇಳೋದಿದ್ರೆ ಹೇಳ್ಬೋದು" ಎಂದು ಅಧ್ಯಕ್ಷರು ಕೇಳಿದರು. ಒಂದಷ್ಟು ಹೊತ್ತು ಕಾದರು. ಆಗೆಲ್ಲ ಲೈನಿನವರ ಮುಖ ಕಾಣುತ್ತಿದ್ದುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ; ನಾನು ನಡಾವಳಿ ಬರೆಯುತ್ತಿದ್ದೆ, ತಲೆ ಎತ್ತಲಿಲ್ಲ. "ಏನೂ ಇಲ್ಲ ಅಂತ ಕಾಣತ್ತೆ" ಎಂದು ಅವರು ನನ್ನ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಒಂದೆರಡು ಪ್ರಶ್ನೆಗೆ ಉತ್ತರಿಸಿ, ಮತಕ್ಕೆ ಹಾಕಿದರು. ಲೈನಿನವರು ಪರದೆಯ ಮೇಲೆ ಕೈ ಗುರುತು ತೋರಿಸಿದರು. ಮುಚ್ಚಲಿ ಎಂದವರು 35, ಬೇಡ ಎಂದವರು 16, ಸುಮ್ಮನಿದ್ದವರು 6.

ಸಂಜೆ ಐದೂ ಹತ್ತಕ್ಕೆ ನನಗೆ ಫೋನ್ ಬಂತು.

"ಗುಬ್ಬಿ."

ಮೊದಲ ಸಲ ಕೇಳಿದವರಿಗೆ ಇದು ಅರ್ಥವಾಗುವುದಿಲ್ಲ. ನನಗೆ ಅರ್ಥವಾಗಲು ನಾಲ್ಕು ಸೆಕೆಂಡು ಬೇಕಾಯಿತು. ಅಲ್ಲಿಯತನಕ ಅವರು ನನಗೆ ಮೂರನೇ ಸಾಲಿನ ಮುಖ ಮಾತ್ರ; ಆ ವರ್ಷ ಮಂಡಿ ಆಪರೇಷನ್ ಆಗಿ ಗುಬ್ಬಿಯ ಮನೆಯಿಂದಲೇ ಲೈನಿಗೆ ಬಂದಿದ್ದರು.

"ಬಾಷಾ ಸಾಹೇಬ್ರು ಏನಂದ್ರಮ್ಮ ಬೆಳಿಗ್ಗೆ? ನನ್ ಫೋನಲ್ಲಿ ಕೇಳಿಸ್ಲಿಲ್ಲ, ಇದು ಹಳೇದು."

ಬಾಷಾ ಸಾಹೇಬರೆಂದರೆ ಕುಣಿಗಲ್‌ನ ಟೈಲರ್. ವಾಚನಾಲಯಕ್ಕೆ ಒತ್ತಿಕೊಂಡೇ ಅವರ ಅಂಗಡಿ. ಹನ್ನೆರಡು ವರ್ಷದಿಂದ ಬೀಗದ ಕೈ ಅವರ ಹತ್ತಿರವಿದೆ. ದಿನಾ ಬೆಳಿಗ್ಗೆ ತೆಗೆಯುವವರು, ಕಸ ಗುಡಿಸುವವರು, ಪೇಪರ್ ಹರಡುವವರು ಅವರೇ.

"ಅವ್ರು ಮಾತಾಡ್ಲೇ ಇಲ್ಲ ಮೇಡಂ" ಅಂದೆ.

"ಮಾತಾಡಿದ್ರು ಕಣಮ್ಮ. ನಾಲ್ಕು ನಿಮಿಷ. ತುಟಿ ಆಡ್ತಾ ಇತ್ತು, ಒಂದ್ಸಲ ಟೇಪು ಕೆಳಗಿಟ್ಟು ಕೈನೂ ಮುಗಿದ್ರು. ನನಗೊಬ್ಳಿಗೆ ಕೇಳಿಸ್ತಿಲ್ಲ, ಹಾಲಲ್ಲಿ ಎಲ್ಲರಿಗೂ ಕೇಳಿಸ್ತಿರತ್ತೆ ಅಂದ್ಕೊಂಡೆ. ನಿಮಗೂ ಕೇಳಿಸ್ಲಿಲ್ವಾ?"

ನಾನು ಲ್ಯಾಪ್‌ಟಾಪ್ ತೆರೆದು, ಆ ಟಿಕ್ ಇಲ್ಲದ ಖಾಲಿ ಚೌಕವನ್ನು ನೋಡಿ, ಇದ್ದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು, "ಬರೋ ಭಾನುವಾರ ಯಾವ ಶಿಫ್ಟು ನಿಂದು?" ಎಂದರು.

"ರಜ ಮೇಡಂ."

"ಒಂಬತ್ತಕ್ಕೆ ತುಮಕೂರು ಬಸ್ ಸ್ಟ್ಯಾಂಡಲ್ಲಿರು. ಅವರಾಡಿದ್ದು ಯಾರಿಗೂ ಮುಟ್ಟಿಲ್ಲ. ಹೋಗಿ ಕೇಳಿಸ್ಕೊಂಡು ಬರೋಣ."

ಮಂಡಿಗೆ ಪಟ್ಟಿ, ಕೈಯಲ್ಲಿ ಕೋಲು. ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಕುಣಿಗಲ್‌ಗೆ ಇನ್ನೊಂದು. ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆವು. ಹೆಬ್ಬೂರು ಬರುವ ತನಕ ಅವರು ಆಡಿದ್ದು ಎರಡೇ ಮಾತು. ಒಂದು, "ಕಿಟಕಿ ಹಾಕು." ಇನ್ನೊಂದು, "ಕೈಯಲ್ಲಿ ಏನದು, ಡೈರಿನಾ? ಒಳ್ಳೇದು."

ಬಾಷಾ ಸಾಹೇಬರು ನಮ್ಮನ್ನು ಕಂಡು ಎದ್ದು ಸ್ಟೂಲು ಹಾಕಿದರು. ವಾಚನಾಲಯದ ಹಳೆಯ ಪೇಪರುಗಳನ್ನು ಆಗಲೇ ಕಟ್ಟು ಕಟ್ಟಿ ಅಂಗಡಿಯ ಮೂಲೆಯಲ್ಲಿಟ್ಟಿದ್ದರು. ಕಟ್ಟಲು ಬಳಸಿದ್ದು ಪ್ಯಾಂಟಿನ ಬಟ್ಟೆಯ ಅಂಚುಗಳನ್ನು. ನಾನು ನಡೆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

"ಹಂಗಾದ್ರೆ ನೀವ್ಯಾರೂ ಕೇಳ್ಲೇ ಇಲ್ವಾ?" ಎಂದರು. "ನಾನು ಹೇಳಿ ಮುಗಿಸ್ದೆ. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸರಿ, ದೊಡ್ಡೋರೆಲ್ಲ ಕೇಳಿಸ್ಕೊಂಡು ಬ್ಯಾಡ ಅಂತ ತೀರ್ಮಾನ ಮಾಡವ್ರೆ, ಇನ್ನು ಜಾಸ್ತಿ ಮಾತಾಡಿದ್ರೆ ಮರ್ಯಾದೆ ಅಲ್ಲ ಅಂತ ಇಟ್ಬಿಟ್ಟೆ."

ಈ ಮಾತು ಬರೆದುಕೊಳ್ಳುವಾಗ ನನ್ನ ಪೆನ್ನು ಓಡಲಿಲ್ಲ. ಗುಂಡಿ ಒತ್ತಿ ನಾನು ಮಾಡಿದ ಮೌನ ಅವರಿಗೆ ಸಭೆಯ ಉತ್ತರವಾಗಿ ಮುಟ್ಟಿತ್ತು.

ಮೇಡಂ ಕೈಗಡಿಯಾರ ಬಿಚ್ಚಿ ಹೊಲಿಗೆ ಮೆಷಿನ್ನಿನ ಮೇಲಿಟ್ಟರು. "ಇನ್ನೊಂದ್ಸಲ ಹೇಳ್ತೀರಾ ಸಾಹೇಬ್ರೇ? ಮೊದ್ಲಿಂದ. ಈ ಸಲ ಇವಳು ಬರ್ಕೋತಾಳೆ, ನಾನು ಹೂಂ ಅಂತೀನಿ."

ಸಾಹೇಬರು ಹೇಳಿದರು. ಅವರು ಒಂದೊಂದು ಮಾತು ಮುಗಿಸಿದಾಗಲೂ ಮೇಡಂ ನಿಜವಾಗಿಯೂ "ಹೂಂ" ಎನ್ನುತ್ತಿದ್ದರು. ಮೂರು ನಿಮಿಷಕ್ಕೆ ಸರಿಯಾಗಿ ಗಡಿಯಾರ ನೋಡಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದರು. ಸಾಹೇಬರಿಗೆ ನಗು ಬಂತು. "ಓಹೋ, ಟ್ರಂಕ್ ಕಾಲು" ಎಂದರು. ಹಳೆಯ ಕಾಲದಲ್ಲಿ ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಹಾಗೆ ಕೇಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆಗ.

ಅವರು ಹೇಳಿದ್ದರ ಸಾರ ಇಷ್ಟು. ಹಾಜರಿ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲೆ ಬಿಚ್ಚಿಕೊಂಡೇ ಇರುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ದಾರಿಯಲ್ಲಿ ಹೋಗುವವರೂ ಬಗ್ಗಿ ನೋಡುತ್ತಾರೆ. ಕಾನ್‌ಸ್ಟೇಬಲ್ ಪರೀಕ್ಷೆ, ನರ್ಸಿಂಗ್ ಪರೀಕ್ಷೆ, ಟೀಚರ್ ಪರೀಕ್ಷೆ ಎಂದು ಓದಲು ಬರುವ ಹುಡುಗಿಯರು ಅದರಲ್ಲಿ ಹೆಸರು ಬರೆಯುವುದಿಲ್ಲ. ನಮ್ಮವರ ಮನೆ ಹುಡುಗಿಯರೂ ಇದ್ದಾರೆ, ನಿಮ್ಮವರ ಮನೆಯವರೂ ಇದ್ದಾರೆ ಎಂದರು ಸಾಹೇಬರು. ಹಿಂದಿನ ಬಾಗಿಲಿನಿಂದ ಬಂದು ಒಳಗಿನ ಕೋಣೆಯಲ್ಲಿ ಓದಿಕೊಂಡು ಹೋಗುತ್ತಾರೆ. "ನಾನೂ ಬಲವಂತ ಮಾಡಿಲ್ಲ ಮೇಡಂ. ಒಂದ್ ಹುಡ್ಗಿ ಸೈನ್ ಮಾಡಿದ್ಲು, ಮಾರನೇ ದಿನ ಅವಳ ಚಿಕ್ಕಪ್ಪ ಬಂದು ಪುಸ್ತಕ ತಿರುವಿ ಹಾಕಿ, ಇಷ್ಟೊತ್ತು ಇಲ್ಲೇನ್ ಕೆಲ್ಸ ಅಂತ ನನ್ನೇ ಕೇಳ್ದ. ಆವತ್ತಿಂದ ಪುಸ್ತಕ ಗಂಡಸರಿಗೆ ಮಾತ್ರ."

ನಾನು ಎದ್ದು ಹಿಂದಿನ ಬಾಗಿಲಿಗೆ ಹೋದೆ. ಒಳಗೆ ಇಣುಕಲಿಲ್ಲ. ಮೆಟ್ಟಿಲ ಮೇಲೆ ಬಿಟ್ಟಿದ್ದ ಚಪ್ಪಲಿಗಳನ್ನು ಎಣಿಸಿದೆ. ಹದಿಮೂರು ಜೊತೆ. ಮುಂದಿನ ಬಾಗಿಲಿನ ಪುಸ್ತಕದಲ್ಲಿ ಆ ಹೊತ್ತಿಗೆ ಬಿದ್ದಿದ್ದ ಸಹಿ ನಾಲ್ಕು.

ವಾಪಸು ಬಂದು ಎರಡೂ ಸಂಖ್ಯೆ ಹೇಳಿದೆ. ಮೇಡಂ ಕೋಲೂರಿಕೊಂಡು ವಾಚನಾಲಯದ ಹಿಂದಿನ ಗೋಡೆಯನ್ನು ನೋಡುತ್ತ ನಿಂತಿದ್ದರು. ಅಲ್ಲಿ ಮೇಲಿನಿಂದ ಕೆಳಗಿನ ತನಕ ಒಂದು ಬಿರುಕು. ಅದರೊಳಗೆ ಒಂದು ಪುಸ್ತಕದ ರಟ್ಟು ಹೋಗುವಷ್ಟು ಸಂದು ಇತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಆ ಎರಡು ಸಂಖ್ಯೆಗಳನ್ನು ಡೈರಿಗೆ ಇಳಿಸುತ್ತಿದ್ದೆ. ಮೇಡಂ ತಾವಾಗಿ ಮಾತು ಶುರು ಮಾಡಿದರು.

"ನಾನೂ ಒಂದ್ ಲೈನ್ ಕಿತ್ತಿದೀನಿ ಕಣೇ."

ಅವರು ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿತ್ತಂತೆ. ಮಧ್ಯಾಹ್ನದ ಪಾಳಿ. ಕುಣಿಗಲ್ ಪೋಸ್ಟಾಫೀಸಿನಿಂದ ಒಬ್ಬಳು ಹೆಂಗಸು ಟ್ರಂಕ್ ಬುಕ್ ಮಾಡಿದ್ದಳು. ಗುಬ್ಬಿಯ ಕಡೆ ಮನೆಯಲ್ಲಿ ಫೋನಿಲ್ಲ. ಪೇಟೆಯ ಒಂದು ಬಟ್ಟೆ ಅಂಗಡಿಯ ಫೋನಿಗೆ ಅಪ್ಪನನ್ನು ಹಳ್ಳಿಯಿಂದ ಕರೆಸಿದ್ದರು. ಲೈನ್ ಸಿಗಲು ಎರಡು ಗಂಟೆ ಆಯಿತು. ಜೋಡಿಸಿದ ಮೇಲೆ ಎರಡೂ ಕಡೆ ಮಾತು ಕೇಳುತ್ತಿದೆಯೇ ಎಂದು ಆಪರೇಟರ್ ಒಂದು ಕ್ಷಣ ಕಿವಿ ಕೊಡಬೇಕು, ಆಮೇಲೆ ತೆಗೆಯಬೇಕು. ಆ ಒಂದು ಕ್ಷಣದಲ್ಲಿ ಮುದುಕ, "ಹೇಳವ್ವ, ಕೇಳ್ತಾ ಇವ್ನಿ" ಎಂದ. ಅವಳು, "ಅಪ್ಪ, ನೀನು ಬರೋದು ಬ್ಯಾಡ, ನಾನೇ" ಎಂದಳು. ಅಷ್ಟರಲ್ಲಿ ಬೋರ್ಡಿನಲ್ಲಿ ಇನ್ನೊಂದು ಕರೆ ಮುಗಿದ ದೀಪ ಹತ್ತಿತು. ಅದರ ವೈರು ಕೀಳಲು ಹೋಗಿ ಇವರು ಪಕ್ಕದ್ದನ್ನು ಕಿತ್ತರು.

"ತಕ್ಷಣ ಹಾಕ್ದೆ. ಲೈನ್ ಸಿಗೋಷ್ಟರಲ್ಲಿ ಮುಕ್ಕಾಲು ಗಂಟೆ. ಆಯಮ್ಮ ಪೋಸ್ಟಾಫೀಸಿಂದ ಹೋಗ್ಬಿಟ್ಟಿದ್ಲು, ಬಸ್ಸಿತ್ತೋ ಏನೋ. ಈ ಕಡೆ ಮುದುಕಪ್ಪ ಅಂಗಡಿ ಜಗಲಿ ಮೇಲೆ ಸಾಯಂಕಾಲದ ತನಕ ಕೂತಿದ್ನಂತೆ. ಯಾವೂರೋರು ಅಂತ ಅಂಗಡಿಯೋರ್ಗೂ ಸರಿಯಾಗಿ ಗೊತ್ತಿಲ್ಲ."

"ನಾನೇ ಅಂದ್ರೆ, ನಾನೇ ಬರ್ತೀನಿ ಅಂತಿರ್ಬೋದಲ್ವಾ ಮೇಡಂ?"

"ಇರ್ಬೋದು. ನಾನೇ ಹೋಗ್ತೀನಿ ಅಂತಿರ್ಬೋದು. ನಾನೇ ನೋಡ್ಕೋತೀನಿ ಅಂತಿರ್ಬೋದು. ಅದು ನಾವ್ ತುಂಬೋ ಖಾಲಿ ಜಾಗ ಅಲ್ಲ" ಎಂದರು. "ನಂದು ಹೋಯ್ತು. ನಿಂದು ಇನ್ನೂ ಹೋಗಿಲ್ಲ. ಮೇಷ್ಟ್ರ ಮನೆಗೆ ನಾಳೆ ಬರ್ತೀನಿ."

ಮೇಷ್ಟ್ರ ಮನೆಯ ಮಾತುಕತೆ ನನ್ನ ಡೈರಿಯಲ್ಲಿ ಪೂರ್ತಿ ಇದೆ. ಇನ್ನೊಂದು ಸಭೆ ಕರೆಯಿರಿ ಎಂಬ ನಮ್ಮ ಪತ್ರಕ್ಕೆ ಸಹಿ ಹಾಕಲು ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. "ಸೋತೋರು ಪ್ರತಿ ಸಲ ಇನ್ನೊಂದ್ ಸಭೆ ಕರೀರಿ ಅಂದ್ರೆ ಸಂಘ ನಡೆಯುತ್ತಾ ಮೇಡಂ?" ಎಂದರು.

"ನಾನು ಸೋತೋಳಲ್ಲ ಮೇಷ್ಟ್ರೇ. ಮುಚ್ಚಿ ಅಂತ ಕೈ ಎತ್ತಿದೋಳು. ಮೂವತ್ತೈದರಲ್ಲಿ ನಾನೂ ಒಬ್ಳು."

"ಹಂಗಾದ್ರೆ ಯಾಕೆ ಬೇಕು ನಿಮಗೆ?"

"ಒಬ್ರು ಮಾತಾಡ್ತಿದ್ದಾಗ ಲೈನ್ ಕಟ್ ಆಗಿತ್ತು. ಅದು ಸಭೆ ಅಲ್ಲ. ಅರ್ಧ ಸಭೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರ ಹೆಂಡತಿ ಒಳಗಿನಿಂದಲೇ, "ಸೈನ್ ಹಾಕ್ರಿ ಅತ್ಲಾಗೆ, ಕಾಫಿ ಆರ್ತದೆ" ಎಂದರು. ಸಹಿ ಬಿತ್ತು. ವಿಶೇಷ ಸಭೆ ನವೆಂಬರ್ 19ಕ್ಕೆ ಎಂದು ನಿಗದಿಯಾಯಿತು. ಲೈನನ್ನು ನೋಡಿಕೊಳ್ಳುವ ಹೊಣೆ ಗುಬ್ಬಿ ಮೇಡಂಗೆ ಎಂದೂ ಆಯಿತು.

ಆ ಸಭೆಗೆ ಮುಂಚೆ ಅವರು ಮಾಡಿದ ಕೆಲಸ ನೋಡಿ ಕಾರ್ಖಾನೆಯಲ್ಲಿ ಐದು ವರ್ಷ ಕಲಿತದ್ದಕ್ಕಿಂತ ಹೆಚ್ಚು ಕಲಿತೆ. ಹಿಂದಿನ ದಿನ, ಲೈನಿಗೆ ಬರುತ್ತೇವೆ ಎಂದ 29 ಜನಕ್ಕೂ ಒಬ್ಬೊಬ್ಬರಿಗೆ ಫೋನ್ ಮಾಡಿದರು. ಎಲ್ಲಿ ಕೂರುತ್ತೀರಿ, ಅಲ್ಲಿ ಸಿಗ್ನಲ್ ಇದೆಯೇ, ಪಕ್ಕದಲ್ಲಿ ಅಡುಗೆಮನೆ ಇದೆಯೇ, ಗುಂಡಿ ಒತ್ತುವ ಹಳೇ ಫೋನಾದರೆ ಯಾವ ನಂಬರ್ ಒತ್ತಬೇಕು. ಪ್ರತಿಯೊಬ್ಬರಿಗೂ ಒಂದು ಚೀಟಿ. ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಹಿಂಭಾಗದಲ್ಲಿ ಗೆರೆ ಹಾಕಿದ್ದು, ಟ್ರಂಕ್ ಕಾಲಿನ ಚೀಟಿಯದೇ ನಮೂನೆ. ಹೆಸರು, ಊರು, ಲೈನಿಗೆ ಬಂದ ಸಮಯ, ಮಾತು ಶುರುವಾದ ಸಮಯ, ಮುಗಿದ ಸಮಯ. ಸಭೆ ಮುಗಿಯುವಾಗ ಯಾವ ಚೀಟಿಯಲ್ಲೂ ಖಾನೆ ಖಾಲಿ ಇರಕೂಡದು. ಮಾತಾಡದವರ ಖಾನೆಯಲ್ಲಿ "ಕೇಳಿದೆ, ಬೇಡ ಅಂದರು" ಎಂದು ಬರೆಯಬೇಕು.

ಹಾಲ್‌ನವರಿಗೂ ನಿಯಮ ಬಂತು. ಮೊದಲು ಲೈನಿನವರು, ಆಮೇಲೆ ಕುರ್ಚಿಯವರು. ಮಾತಾಡುವವರು ಮೊದಲು ಊರು ಹೇಳಬೇಕು, ಕೊನೆಗೆ "ಮುಗೀತು" ಎನ್ನಬೇಕು. ಅದನ್ನು ಕೇಳಿ ಅಧ್ಯಕ್ಷರು "ಕೇಳಿಸಿತು" ಎನ್ನಬೇಕು. ಅಧ್ಯಕ್ಷರು ಮೊದಮೊದಲು ಅದನ್ನು ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಹೇಳುತ್ತಿದ್ದರು. ಆಮೇಲೆ ಅಭ್ಯಾಸವಾಯಿತು.

ಚೇಳೂರಿನ ಬೈಕಿನವನು ಆವತ್ತೂ ಬೈಕಿನ ಮೇಲಿಂದಲೇ ಬಂದ.

"ಏನ್ಲಾ, ಗಾಡಿ ಮೇಲಿದೀಯಾ?" ಎಂದರು ಮೇಡಂ, ಮೈಕಿನಲ್ಲೇ.

"ಇಲ್ಲ ಮೇಡಂ, ನಿಂತ್ಕೊಂಡೇ ಇವ್ನಿ."

"ನಿಂತ್ಕೊಂಡಿರೋನ ಹಿಂದೆ ತೆಂಗಿನ ಮರ ಯಾಕ್ಲಾ ಓಡ್ತಾವೆ? ನಿಲ್ಸು ಮೊದ್ಲು. ಊರ ಮೀಟಿಂಗ್‌ಗೆ ಬಂದಿದೀಯ, ಆಸ್ಪತ್ರೆಗೆ ಹೋಗ್ಬ್ಯಾಡ."

ಹಾಲ್ ನಕ್ಕಿತು. ಅವನೂ ನಕ್ಕು ಬೈಕು ನಿಲ್ಲಿಸಿದ. ಎಲ್ಲರೂ ನಗಲಿಲ್ಲ ಎಂಬುದನ್ನೂ ಬರೆಯಬೇಕು. ಮೇಡಂ ಒಮ್ಮೊಮ್ಮೆ ಬಿರುಸು. ಹಾಲ್‌ನ ಹಿರಿಯ ಸದಸ್ಯರೊಬ್ಬರು ನಡುವೆ ಬಾಯಿ ಹಾಕಿದಾಗ, "ನಿಮ್ಮ ಲೈನ್ ಇನ್ನೂ ಬಂದಿಲ್ಲ, ಕೂತ್ಕೊಳ್ಳಿ" ಎಂದುಬಿಟ್ಟರು. ಅವರು ಮುಂದಿನ ಎರಡು ಸಭೆಗೆ ಬರಲಿಲ್ಲ. ಕ್ಷಮೆ ಕೇಳಿ ಎಂದು ನಾನು ಹೇಳಿದೆ. ಮೇಡಂ ಕೇಳಲಿಲ್ಲ. ಹೊಗಳುವುದೂ ಅವರಿಗೆ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ "ಸರಿ" ಎಂಬ ಒಂದು ಪದ. ಒಟ್ಟು ಹನ್ನೊಂದು ಸಲ.

ಬಾಷಾ ಸಾಹೇಬರ ಸರದಿ ಬಂದಾಗ ಮೇಡಂ ಎಡಗಿವಿ ಮುಚ್ಚಿಕೊಂಡರು. ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟರು. ಸಾಹೇಬರು "ಕುಣಿಗಲ್" ಎಂದು ಶುರು ಮಾಡಿದರು. ಪುಸ್ತಕ, ಬಾಗಿಲು, ಚಿಕ್ಕಪ್ಪ, ಹಿಂದಿನ ಮೆಟ್ಟಿಲು, ಎಲ್ಲ ಹೇಳಿದರು. ಮೂರು ನಿಮಿಷಕ್ಕೆ ಮೇಡಂ ಕೇಳಿದರು, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಸಾಹೇಬರು, "ನನ್ನದು ಮುಗೀತು. ಇನ್ನೊಬ್ರು ಇದಾರೆ, ಅವ್ರಿಗೆ ಕೊಡ್ತೀನಿ" ಎಂದು ಫೋನನ್ನು ತಿರುಗಿಸಿದರು. ಪರದೆಯ ಮೇಲೆ ಮುಖ ಬರಲಿಲ್ಲ, ಗೋಡೆಯ ಬಿರುಕು ಮಾತ್ರ ಕಾಣುತ್ತಿತ್ತು. ಒಂದು ಹುಡುಗಿಯ ಧ್ವನಿ ಬಂತು.

"ನಾನು ಸದಸ್ಯೆ ಅಲ್ಲ. ಮಾತಾಡ್ಬೋದಾ?"

ಅಧ್ಯಕ್ಷರು ಮೇಡಂ ಕಡೆ ನೋಡಿದರು. ಮೇಡಂ, "ಸಾರ್ವಜನಿಕ ಸಭೆ. ಮಾತಾಡ್ಬೋದು. ಊರು ಹೇಳಮ್ಮ, ಹೆಸರು ಬ್ಯಾಡ" ಎಂದರು.

"ಕುಣಿಗಲ್. ನಮ್ಮನೇಲಿ ಐದು ಜನಕ್ಕೆ ಒಂದೇ ಕೋಣೆ. ಇಲ್ಲಿ ಹತ್ತರಿಂದ ಒಂದರ ತನಕ ಓದ್ತೀನಿ. ಕಾನ್‌ಸ್ಟೇಬಲ್ ಪರೀಕ್ಷೆಗೆ. ಸೈನ್ ಮಾಡಿಲ್ಲ, ತಪ್ಪಾಯ್ತು. ಇಲ್ಲಿ ಮುಚ್ಚಿದ್ರೆ ಓದೋದು ನಿಲ್ಲತ್ತೆ, ಅಷ್ಟೇ. ಮುಗೀತು."

ಅಧ್ಯಕ್ಷರು ಎದ್ದು ನಿಂತು, "ಕೇಳಿಸಿತಮ್ಮ" ಎಂದರು. ಆ ದಿನ ಅವರು ಎದ್ದು ನಿಂತು ಹೇಳಿದ್ದು ಅದೊಂದೇ ಸಲ.

ಮತ: ಉಳಿಯಲಿ 44, ಮುಚ್ಚಲಿ 22, ಸುಮ್ಮನಿದ್ದವರು 4. ನಾನು ಎರಡು ಸಲ ಎಣಿಸಿದೆ. ಎಣಿಸುವಾಗ ನೋಡಿದೆ, ಇಪ್ಪತ್ತೆರಡು ಕೈಗಳಲ್ಲಿ ಒಂದು ಮೇಡಂ ಅವರದು.

ಎಲ್ಲರೂ ಹೋದ ಮೇಲೆ ಕೇಳಿದೆ. "ಇಷ್ಟೆಲ್ಲ ಮಾಡಿ ಮುಚ್ಚಲಿ ಅಂತ್ಲೇ ಹಾಕಿದ್ರಾ ಮೇಡಂ?"

"ಆ ಗೋಡೆ ನೋಡ್ದ್ಯಾ? ಆ ಹೆಣ್ಮಕ್ಳು ಅದರ ಕೆಳಗೇ ಕೂರೋದು. ಮುಚ್ಚಿ ಬೇರೆ ಕಡೆ ತೆಗೀರಿ ಅನ್ನೋದು ನನ್ ಅಭಿಪ್ರಾಯ. ಅದು ನನ್ ಒಂದ್ ವೋಟು." ಚೀಟಿಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. "ಲೈನ್ ಕೊಡೋದು ನನ್ ಕೆಲ್ಸ. ಆಚೆಯೋರು ನನಗೆ ಬೇಕಾದ್ದೇ ಮಾತಾಡ್ಬೇಕು ಅಂತ ಲೈನ್ ಕೊಟ್ರೆ, ಅದು ಆಪರೇಟರ್ ಕೆಲ್ಸ ಅಲ್ಲ."

ಮತದಲ್ಲಿ ಸೋತ ಮೇಡಂ ಮಾರನೆಯ ವಾರವೇ ಕುಣಿಗಲ್‌ಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಗೋಡೆ ಜನವರಿಯಲ್ಲಿ ಸರಿಯಾಯಿತು. ಹಾಜರಿ ಪುಸ್ತಕವನ್ನು ತೆಗೆದು ಹಾಕಿ, ಬಾಗಿಲಲ್ಲಿ ಎರಡು ಡಬ್ಬ ಇಟ್ಟೆವು. ಬಂದವರು ಒಂದರಿಂದ ಒಂದು ಅಂಗಿ ಗುಂಡಿಯನ್ನು ತೆಗೆದು ಇನ್ನೊಂದಕ್ಕೆ ಹಾಕಬೇಕು. ಗುಂಡಿಗಳು ಬಾಷಾ ಸಾಹೇಬರ ಅಂಗಡಿಯವು. ಸಂಜೆ ಎಣಿಸಿ ನನಗೆ ಕಳಿಸುತ್ತಾರೆ. ನಿನ್ನೆ 27.

ಇಡೀ ಗುಬ್ಬಿಯ ಮಾತು ಹಾದುಹೋದದ್ದು ಮೇಡಂ ಕಿವಿಯ ಮೇಲೆ. ಯಾರ ಮದುವೆ ಮುರಿಯಿತು, ಯಾರ ಮನೆಯಲ್ಲಿ ಜಗಳ, ಎಲ್ಲ ಗೊತ್ತಿರಬೇಕಲ್ಲ ಎಂದು ಒಮ್ಮೆ ಮೇಷ್ಟ್ರ ಹೆಂಡತಿ ಆಸೆಯಿಂದ ಕೇಳಿದರು. "ಬೋರ್ಡಿಂದ ಎದ್ದಾಗ ಹೆಡ್‌ಸೆಟ್ ಅಲ್ಲೇ ಬಿಟ್ಟು ಬರ್ತಿದ್ವಿ" ಎಂದರು ಮೇಡಂ.

ಇವತ್ತಿನ ಸಭೆಯಲ್ಲಿ ಅವರ ಕೆಲಸವನ್ನು ನಾನು ಮಾಡಿದೆ. 11 ಗಂಟೆ 52 ನಿಮಿಷಕ್ಕೆ ಚೇಳೂರಿನವನು ಮಾತಾಡುತ್ತಿದ್ದಾಗ ಸಿಗ್ನಲ್ ಹೋಯಿತು. ನಾನು ಏನಾದರೂ ಹೇಳುವ ಮೊದಲೇ ಅಧ್ಯಕ್ಷರು, "ತಾಳ್ರಪ್ಪ, ಚೇಳೂರು ವಾಪಸ್ ಬರ್ಲಿ" ಎಂದು ಪೇಪರು ಮಡಚಿಟ್ಟು ಕುಳಿತರು. ಕೋಪ ಮಾಡಿಕೊಂಡಿದ್ದ ಹಿರಿಯರೂ ಈ ವರ್ಷ ಬಂದಿದ್ದರು, ಅವರೂ ಕುಳಿತರು. ಒಂಬತ್ತು ನಿಮಿಷ. ಯಾರೂ ಎದ್ದು ಹೋಗಲಿಲ್ಲ.

ಜುಲೈನಲ್ಲಿ ಗುಬ್ಬಿಗೆ ಹೋದಾಗ ಅವರ ತಂಗಿ ನನಗೆ ಒಂದು ರಟ್ಟಿನ ಡಬ್ಬ ಕೊಟ್ಟರು. "ಇದು ಆ ಡೈರಿ ಹುಡ್ಗಿಗೆ ಅಂತ ಹೇಳಿದ್ಲು" ಎಂದರು. ಒಳಗೆ ನಮ್ಮ ಸಭೆಗಳ ಚೀಟಿಗಳು, ಒಟ್ಟು 88. ಒಂದೊಂದಾಗಿ ನೋಡಿದೆ. ಎಲ್ಲ ಖಾನೆಗಳೂ ತುಂಬಿವೆ. ಅಡಿಯಲ್ಲಿ ಎಂಬತ್ತೊಂಬತ್ತನೆಯದೊಂದು ಇತ್ತು, ಹಳದಿಯಾಗಿ ಮಡಿಕೆಯಲ್ಲಿ ಹರಿದದ್ದು. ಆಫೀಸಿನ ಚೀಟಿಯನ್ನು ಮನೆಗೆ ತರುವ ಹಾಗಿರಲಿಲ್ಲವಲ್ಲ, ನೋಡಿ ಬರೆದುಕೊಂಡ ಪ್ರತಿ ಇರಬೇಕು. ಕರೆದವರು: ಕುಣಿಗಲ್ ಪೋಸ್ಟಾಫೀಸು, ಒಬ್ಬ ಹೆಂಗಸು. ಕರೆಸಿಕೊಂಡವರು: ಗುಬ್ಬಿ ಪೇಟೆ, ಬಟ್ಟೆ ಅಂಗಡಿ, ಅವಳ ತಂದೆ. ಶುರುವಾದ ಸಮಯ: ಮಧ್ಯಾಹ್ನ 3-20. ಮುಗಿದ ಸಮಯದ ಖಾನೆಯಲ್ಲಿ ಏನೂ ಇಲ್ಲ. ದಿನಾಂಕ ಇದ್ದ ಮೂಲೆ ಹರಿದು ಹೋಗಿದೆ.

ಈ ಬರಹ ಸಂಘದ ಸಂಚಿಕೆಯಲ್ಲಿ ಬರುತ್ತದೆ. ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಓದುವವರಿದ್ದಾರೆ. ನಾವೇ ಡಯಲ್ ಮಾಡಲಾಗದ ಕಾಲದಲ್ಲಿ, ಕುಣಿಗಲ್ ಪೋಸ್ಟಾಫೀಸಿನಲ್ಲಿ ಎರಡು ಗಂಟೆ ಕಾದು, ಗುಬ್ಬಿಯ ಬಟ್ಟೆ ಅಂಗಡಿಯಲ್ಲಿದ್ದ ಅಪ್ಪನಿಗೆ "ನೀನು ಬರೋದು ಬ್ಯಾಡ, ನಾನೇ" ಎನ್ನುವಾಗ ಲೈನ್ ಹೋದದ್ದು ನಿಮಗೋ, ನಿಮ್ಮ ಅಮ್ಮನಿಗೋ, ನಿಮ್ಮ ಅಜ್ಜಿಗೋ ಆಗಿದ್ದರೆ, ದಯವಿಟ್ಟು ಶೆಟ್ಟಿಹಳ್ಳಿಯ ವಾಚನಾಲಯಕ್ಕೆ ಬರೆಯಿರಿ. ಹೆಸರು ಬೇಡ, ಊರು ಸಾಕು. ಆ ಮಾತು ಆಮೇಲೆ ಯಾವಾಗಲಾದರೂ ಅಪ್ಪನಿಗೆ ಮುಟ್ಟಿತೇ, ಅದೊಂದನ್ನು ತಿಳಿಸಿ. ಲೈನ್ ಕಿತ್ತವರು ನಲವತ್ತು ವರ್ಷ ಅದನ್ನು ಮರೆಯಲಿಲ್ಲ ಎಂದು ನಾನೂ ನಿಮಗೆ ತಿಳಿಸಬೇಕಿತ್ತು, ತಿಳಿಸಿದ್ದೇನೆ.

ಎಷ್ಟು ಉದ್ದ ಬೇಕಾದರೂ ಬರೆಯಿರಿ. ಮೂರು ನಿಮಿಷ ಮೀರಿದರೆ ಪರವಾಗಿಲ್ಲ. ನಾನು ಕೇಳುತ್ತಿದ್ದೇನೆ.